ಕಂಪನಿ ಫಿಟ್ಟಿಂಗ್

ಹಳೆಯ ಕಾರಿಗೆ ಟರ್ಬೊ ಇಂಜಿನ್ ಕೂಡಿಸಬೇಕೆಂದು ಹೊರಟವರು ಮೊದಲು ಕೇಳುವುದು ಎಷ್ಟು ಪಿಎಸ್ ಸಿಗುತ್ತದೆ ಎಂದು. ಬ್ರೇಕಿಗೆ ಏನು ಮಾಡುತ್ತೀರಿ ಎಂದು ತಿರುಗಿ ಕೇಳಿದರೆ ಮಾತು ಮರೆಸುತ್ತಾರೆ. ಹೈದರಾಬಾದಿನ ತಾರ್ನಾಕದ ಗಲ್ಲಿಗಳಲ್ಲಿ ಬಾನೆಟ್ ತೆರೆದುಕೊಂಡು ಅರ್ಧಕ್ಕೇ ನಿಂತ ಕಾರುಗಳು ಕಣ್ಣಿಗೆ ಬಿದ್ದರೆ, ಕಾರಣವನ್ನು ಬಹುತೇಕ ಆ ಮೊದಲ ಪ್ರಶ್ನೆಯಲ್ಲೇ ಹುಡುಕಬಹುದು.

ಇಂಜಿನ್ ಬದಲಿಸುವುದೆಂದರೆ ಪಡ್ಡೆ ಹುಡುಗರ ಹುಚ್ಚು ಎಂದು ಮೂಗು ಮುರಿಯುವ ಹಿರಿಯರಿದ್ದಾರೆ. ನಮ್ಮಲ್ಲಿ ಈ ಹುಚ್ಚನ್ನು ದೊಡ್ಡ ಪ್ರಮಾಣದಲ್ಲಿ ಹಚ್ಚಿಕೊಂಡದ್ದು ಕಾರ್ ಕಂಪನಿಗಳೇ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್‌ಇ ಎಂದರೆ ಫಿಯಟ್ 124ರ ಬಾಡಿಯೊಳಗೆ 1171 ಸಿಸಿಯ ನಿಸಾನ್ ಎ12 ಇಂಜಿನ್. ಕಾಂಟೆಸ್ಸಾದ ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನದು; ಅಷ್ಟು ದೊಡ್ಡ ಮೈಯನ್ನು ಎಳೆಯಲು ಮೊದಲು ಕೊಟ್ಟದ್ದು ಅಂಬಾಸಡರಿನ 1489 ಸಿಸಿ ಇಂಜಿನ್. ನೋಟಕ್ಕೆ ಪೈಲ್ವಾನ, ಏರು ಬಂದರೆ ಏದುಸಿರು. ಇಸುಜುವಿನ 1817 ಸಿಸಿ ಇಂಜಿನ್ ಕೂತ ಮೇಲೆಯೇ ಅದು ಕಾರು ಅನ್ನಿಸಿಕೊಂಡದ್ದು. 90ರ ದಶಕದ ಆರಂಭದಲ್ಲಿ ಇಸುಜುವಿನ 1800 ಅಂಬಾಸಡರಿಗೂ ಬಂತು, ಜೊತೆಗೆ ಐದು ಗೇರಿನ ಗೇರ್‌ಬಾಕ್ಸ್ ಕೂಡ.

ಗ್ಯಾರೇಜಿನವರು ಇದನ್ನು ನೋಡಿಯೇ ಪ್ರೀಮಿಯರ್ ಪದ್ಮಿನಿಗೆ 118 ಎನ್‌ಇ ಇಂಜಿನ್ ಇಳಿಸತೊಡಗಿದರು. ಸರಿಯಾಗಿ ಮಾಡಿದವರು ನಿಸಾನ್ ಗೇರ್‌ಬಾಕ್ಸನ್ನೂ ಹಾಕುತ್ತಿದ್ದರು. ಸ್ಟೀರಿಂಗ್ ಪಕ್ಕದಲ್ಲಿದ್ದ ಗೇರ್ ಕಡ್ಡಿ ನೆಲಕ್ಕೆ ಇಳಿಯುತ್ತಿತ್ತು. ಪ್ರೊಪೆಲ್ಲರ್ ಶಾಫ್ಟ್ ಲೇತಿಗೆ ಹೋಗಿ, ಹೊಸ ಅಳತೆಗೆ ಕೂಡಿ, ಬ್ಯಾಲೆನ್ಸ್ ಆಗಿ ಬರುತ್ತಿತ್ತು. ಆ ಬ್ಯಾಲೆನ್ಸಿಗೆ ಕೊಡುವ ದುಡ್ಡು ಉಳಿಸಿದವರ ಕಾರು ಸ್ವಲ್ಪ ವೇಗ ಹಿಡಿದರೆ ಸಾಕು, ಕಾಲಡಿ ನಡುಗುತ್ತಿತ್ತು.

ಈಗಿನ ಹುಡುಗರಿಗೆ ಪದ್ಮಿನಿ ಬೇಡ, ಮಾರುತಿ ಝೆನ್ ಬೇಕು. ಅದರೊಳಗೆ ಬಲೆನೊ ಆರ್‌ಎಸ್‌ನ ಟರ್ಬೊ ಇಂಜಿನ್ ಬೇಕು. ಆಸೆ ತಪ್ಪಲ್ಲ. ಝೆನ್ 993 ಸಿಸಿ, ಆರ್‌ಎಸ್ 998 ಸಿಸಿ. ಹೆಚ್ಚುಕಡಿಮೆ ಒಂದೇ ಗಾತ್ರ. ಝೆನ್‌ನ ಟಾರ್ಕ್ 80 ನ್ಯೂಟನ್ ಮೀಟರ್ ಆಸುಪಾಸು, ಆರ್‌ಎಸ್‌ನದು 150, ಅದೂ 1700 ಸುತ್ತಿನಿಂದಲೇ. ವ್ಯತ್ಯಾಸ ತಂದದ್ದು ಗಾಳಿ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ, ಒಳಗೆ ಬರುವ ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ.

ಇಂಜಿನ್ ಕೂರಿಸುವುದು ಕಷ್ಟವಲ್ಲ. ಇಲ್ಲಿ ನನಗೆ ಪರಿಚಯದ, ಬೀದರ್ ಕಡೆಯ ಮೇಸ್ತ್ರಿಯೊಬ್ಬರು ಹೇಳುವುದು ಹೀಗೆ: "ಇಂಜಿನ್ ಕೂಡ್ಸೋದು ನಾಕ್ ದಿನದ ಕೆಲ್ಸ ರೀ ಸರ್. ವೈರಿಂಗಿಗೆ ನಾಕ್ ತಿಂಗ್ಳ ಹೋಗ್ತದ." ಹೊಸ ಕಾಲದ ಇಂಜಿನ್ ತನ್ನ ಇಸಿಯು ಎಂಬ ಕಂಪ್ಯೂಟರ್, ತನ್ನ ಕೀಲಿ, ತನ್ನ ಸೆನ್ಸಾರುಗಳನ್ನು ಕಾಣದೆ ಸ್ಟಾರ್ಟೇ ಆಗುವುದಿಲ್ಲ. ಕಡಿಮೆ ಬೆಲೆಗೆ ಬರೀ ಇಂಜಿನ್ ತಂದು ವೈರಿಂಗ್ ಬಿಟ್ಟುಬಂದವರು ಆಮೇಲೆ ರಾಣಿಗಂಜ್‌ನ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತುತ್ತಾರೆ.

ಇನ್ನು ಟರ್ಬೊ. ಅದರ ಪುಟ್ಟ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ, ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಆ ಆಯಿಲ್ ವಾಪಸ್ಸು ಬರುವ ಪೈಪಿಗೆ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಜಾಗ ಸಾಲದೆಂದು ಪೈಪನ್ನು ಒಂದಿಷ್ಟು ಮೇಲೆತ್ತಿ ಬಗ್ಗಿಸಿದರೆ ಆಯಿಲ್ ಅಲ್ಲೇ ಕಟ್ಟಿಕೊಂಡು ಸೀಲ್ ದಾಟುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಯಾರದಾದರೂ ಕೆಲಸ ನೋಡಲು ಕರೆದರೆ ನಾನು ಮೊದಲು ಬಗ್ಗಿ ನೋಡುವುದು ಆ ಪೈಪನ್ನೇ.

ಹೈದರಾಬಾದಿನ ಬಿಸಿಲು ಬೇರೆ. ಮೇ ತಿಂಗಳ 40 ಡಿಗ್ರಿ ಗಾಳಿಯನ್ನು 0.7 ಬಾರ್‌ನಷ್ಟು ಒತ್ತಿದರೆ ಅದು ನೂರು ಡಿಗ್ರಿ ದಾಟುತ್ತದೆ. ಆ ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಪಿಸ್ಟನ್ನನ್ನೇ ತಿನ್ನುತ್ತದೆ. ಆದ್ದರಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಶೋಕಿಯ ಸಾಮಾನಲ್ಲ, ಅದರ ಮುಂದೆ ಗಾಳಿ ಬರುವ ದಾರಿಯೂ ತೆರೆದಿರಬೇಕು. ಬೆಂಗಳೂರಿನ ತಂಪಿನಲ್ಲಿ ಟ್ಯೂನ್ ಮಾಡಿಸಿಕೊಂಡು ಬಂದ ಇಸಿಯು ಮ್ಯಾಪ್ ಇಲ್ಲಿನ ಬೇಸಿಗೆಗೆ ಒಗ್ಗುತ್ತದೆಂದು ನಂಬಬೇಡಿ. ಇಲ್ಲಿಯೇ, ಮಧ್ಯಾಹ್ನದ ಹೊತ್ತಿನಲ್ಲೇ ಪರೀಕ್ಷಿಸಿ.

ಬ್ರೇಕಿನ ಮಾತಿಗೆ ಬಂದರೆ, ಕಂಪನಿ ಏನು ಮಾಡಿತು ನೋಡಿ. 2017ರಲ್ಲಿ ಬಲೆನೊಗೆ ಇದೇ ಟರ್ಬೊ ಇಂಜಿನ್ ಕೊಟ್ಟು ಆರ್‌ಎಸ್ ಎಂದು ಹೆಸರಿಟ್ಟಾಗ ಮಾರುತಿ ಹಿಂದಿನ ಡ್ರಮ್ ತೆಗೆದು ನಾಲ್ಕೂ ಗಾಲಿಗೆ ಡಿಸ್ಕ್ ಹಾಕಿತು. ಹೊಸ ಕಾರಿಗೇ ಅದು ಬೇಕಾಯಿತು. ಇಪ್ಪತ್ತು ದಾಟಿದ ಝೆನ್‌ಗೆ ಬೇಡವೇ? ಇಂಜಿನ್ ಬಂದರೆ ಅದರ ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ರೇಡಿಯೇಟರ್, ಬ್ರೇಕ್ ಎಲ್ಲವೂ ಜೊತೆಗೆ ಬರಬೇಕು.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡಿ ಹೇಳಿದೆ. ಅಂದರೆ ಇಂಥ ಝೆನ್ ಹಬ್ಸಿಗುಡ ರಸ್ತೆಯಲ್ಲಿ ರಾತ್ರಿ ಸದ್ದು ಮಾಡಲಿಕ್ಕಲ್ಲ. ಆರ್‌ಸಿಯಲ್ಲಿ ಇಲ್ಲದ ಇಂಜಿನ್ ಇಟ್ಟುಕೊಂಡು ಅಪಘಾತವಾದರೆ ವಿಮೆಯ ಹಣದ ಆಸೆಯನ್ನೂ ಬಿಡಬೇಕಾದೀತು. ಇಂಥ ಕಾರಿನ ಜಾಗ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕು, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಹೋಗುವುದೂ ಟ್ರೇಲರ್ ಮೇಲೆ.

ಆ ಕರಿ ಟ್ರ್ಯಾಕಿಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ 80ರ ದಶಕದಲ್ಲಿ ಮಾರುತಿ 800ರ ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದರು. 796 ಸಿಸಿ, ಟರ್ಬೊ ಇಲ್ಲ. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಅಂಥ ಕಾರಿನಲ್ಲೇ. ಹಗುರವಾದ, ಹೊಂದಿಕೆಯುಳ್ಳ ಕಾರಿಗೆ ಸಣ್ಣ ಇಂಜಿನ್ನೂ ಸಾಕಾಗುತ್ತದೆ.

ಈ ವರ್ಷ ನೀವೂ ಒಂದು ಕಾರು ಕಟ್ಟುವವರಿದ್ದರೆ, ಇಟ್ಟ ಹಣವನ್ನು ಎರಡು ಪಾಲು ಮಾಡಿ. ಒಂದು ಪಾಲು ಇಂಜಿನ್ನಿಗೆ. ಇನ್ನೊಂದು ಬ್ರೇಕ್, ಕೂಲಿಂಗ್, ವೈರಿಂಗ್, ಟೈರಿಗೆ. ಎರಡನೆಯದನ್ನು ಮೊದಲು ಖರ್ಚು ಮಾಡಿ. ಕೆಲಸ ಮುಗಿದಾಗ ಬಾನೆಟ್ ಎತ್ತಿದ ಅಪರಿಚಿತ ಮೆಕ್ಯಾನಿಕ್ ಇದು ಕಂಪನಿ ಫಿಟ್ಟಿಂಗಾ ಎಂದು ಕೇಳಿದರೆ ನಿಮ್ಮ ದುಡ್ಡು ದಕ್ಕಿತು ಎಂದುಕೊಳ್ಳಿ.