ಅಡಿಕೆ ಸೀಮೆಯಿಂದ ಒಂದು ಹುಳುವಿಗೆ ಮೆಚ್ಚುಗೆ

ಸಿ. ಎಲಿಗನ್ಸ್ ಎಂಬ ದುಂಡುಹುಳುವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ಮಿಲಿಮೀಟರ್ ಉದ್ದ, ಗಾಜಿನಂಥ ಮೈ, ನರಕೋಶಗಳು ಬರೀ 302, ಆಯುಷ್ಯ ಎರಡು ಮೂರು ವಾರ. ಇಡೀ ಮುಪ್ಪನ್ನೇ ಒಂದು ತಿಂಗಳೊಳಗೆ ಕಣ್ಣೆದುರು ತೆರೆದಿಡುವ ಜೀವಿ.

ಮುದಿ ಹುಳು ನಿಧಾನಕ್ಕೆ ತೆವಳುತ್ತದೆ. ಸ್ನಾಯು ಸವೆದದ್ದೇ ಕಾರಣ ಎಂದು ಮೊದಲು ಭಾವಿಸಿದ್ದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಷಾನ್ ಷು ತಂಡ 2013ರಲ್ಲಿ ನರವನ್ನೂ ಸ್ನಾಯುವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿತು. ಮೊದಲು ಸೋಲುವುದು ಚಾಲಕ ನರ. ಸಂದೇಶದ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಅದರ ತುದಿಯಲ್ಲಿ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಸ್ನಾಯು ಮಾತ್ರ ನಡುವಯಸ್ಸು ದಾಟುವವರೆಗೂ ಗಟ್ಟಿ. ಎಷ್ಟು ಚೆಂದದ ಪ್ರಯೋಗ! ಬಳಿಕ ಆ ಸಂದೇಶಕ್ಕೆ ಚುರುಕು ಕೊಡುವ ಅರೆಕೋಲಿನ್ ಕೊಟ್ಟರು. ಮುದಿ ಹುಳುಗಳ ಚಲನೆ ಸುಧಾರಿಸಿತು.

ಅರೆಕೋಲಿನ್ ಎಂದರೆ ಮುತ್ತಿನಕೊಪ್ಪ, ಕೊಪ್ಪ, ಶೃಂಗೇರಿಯ ತೋಟಗಳಲ್ಲಿ ಬೆಳೆಯುವ ಅಡಿಕೆಯಲ್ಲೇ ಇರುವ ವಸ್ತು. ಮಲೆನಾಡಿಗರಿಗೆ ಹಿಗ್ಗಾಗುವುದು ಸಹಜ. ಆದರೆ ಇದು ಹುಳುವಿನ ಮಾತು, ಮನುಷ್ಯರದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮುಪ್ಪು ತಡೆಯಲೆಂದು ಯಾರೂ ಕವಳ ಹಾಕಬೇಡಿ.