ಒಂದೇ ಮನೆಯ ಟ್ರಾಕ್ಟರ್ ಬಾಡಿಗೆ

ವಿಶ್ವವಿದ್ಯಾಲಯ ಅಂದರೆ ನಮಗೆಲ್ಲ ನೆನಪಾಗೋದು ಕುಲಪತಿ ನೇಮಕದ ಜಗಳ, ಘಟಿಕೋತ್ಸವದ ಚಿನ್ನದ ಪದಕ, ತಡವಾದ ಫಲಿತಾಂಶ. ಅದರ ಒಳಮನೆಯ ಲೆಕ್ಕದ ಕಡೆ ಯಾರೂ ಕಣ್ಣು ಹಾಯಿಸಲ್ಲ. ಅದರಲ್ಲೂ ಒಂದು ವಿಭಾಗ ಇನ್ನೊಂದು ವಿಭಾಗಕ್ಕೆ ಹಾಕುವ ಬಿಲ್ಲಿನ ಬಗ್ಗೆ ಮಾತೆತ್ತಿದರೆ, "ಅದೇನ್ ಬುಡಿ, ಎಡಗೈಲಿದ್ದ ದುಡ್ಡು ಬಲಗೈಗೆ ಹೋಯ್ತು, ಮನೆ ದುಡ್ಡು ಮನೇಲೇ ಇತ್ತಲ್ಲ" ಅನ್ನೋ ಉತ್ತರ ಸಿದ್ಧವಾಗಿರುತ್ತೆ. ಈ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧದ ಬೆಲೆಯನ್ನು ಮಳವಳ್ಳಿಯ ಪದವಿ ವಿದ್ಯಾರ್ಥಿಯೊಬ್ಬ ತನ್ನ ಪರೀಕ್ಷಾ ಶುಲ್ಕದಲ್ಲಿ ಕಟ್ಟಬೇಕಾಗಿ ಬರಬಹುದು. ಹೇಗೆ ಅಂತ ನೋಡೋಣ.

ಮೊದಲು ವಿಷಯ ಬಿಡಿಸಿ ಹೇಳ್ತೀನಿ. ಒಂದು ವಿಶ್ವವಿದ್ಯಾಲಯದೊಳಗೆ ಮುದ್ರಣಾಲಯ ಇರುತ್ತೆ. ವಾಹನ, ಅತಿಥಿಗೃಹ, ಕಂಪ್ಯೂಟರ್ ಕೇಂದ್ರ, ಸಭಾಂಗಣ, ದುಬಾರಿ ಯಂತ್ರಗಳಿರುವ ಪ್ರಯೋಗಾಲಯ ಇರುತ್ತೆ. ರಸಾಯನಶಾಸ್ತ್ರದವರ ಯಂತ್ರದಲ್ಲಿ ಸಸ್ಯಶಾಸ್ತ್ರದವರು ಮಾದರಿ ಪರೀಕ್ಷೆ ಮಾಡಿಸ್ತಾರೆ. ಪರೀಕ್ಷಾ ವಿಭಾಗದವರು ಉತ್ತರ ಪತ್ರಿಕೆಗಳನ್ನು ಮುದ್ರಣಾಲಯದಲ್ಲಿ ಅಚ್ಚು ಹಾಕಿಸ್ತಾರೆ. ಇಲ್ಲಿ ಯಾರೂ ನೋಟು ಎಣಿಸಿ ಕೊಡಲ್ಲ. ಒಂದು ಲೆಕ್ಕಶೀರ್ಷಿಕೆಯಲ್ಲಿ ಖರ್ಚು ಬರೀತಾರೆ, ಇನ್ನೊಂದರಲ್ಲಿ ಜಮಾ ಬರೀತಾರೆ, ಅಷ್ಟೇ. ಈ ಒಳಗಿನ ದರವನ್ನು ಯಾರು ಲೆಕ್ಕ ಹಾಕಬೇಕು, ಯಾರು ಒಪ್ಪಬೇಕು, ಒಪ್ಪಿದ ಮೇಲೆ ಯಾರು ಕಣ್ಣಿಟ್ಟಿರಬೇಕು ಅನ್ನೋದೇ ಪ್ರಶ್ನೆ.

ನಮ್ಮ ಸೀಮೆಗೆ ಇದು ಹೊಸ ಪ್ರಶ್ನೆ ಏನಲ್ಲ. ಮದ್ದೂರು ಕಡೆಯ ಒಂದು ಮನೆ ಅಂದ್ಕೊಳ್ಳಿ. ಮೂರು ಜನ ಅಣ್ಣತಮ್ಮಂದಿರು, ಎಲ್ಲರಿಗೂ ಸೇರಿ ಒಂದೇ ಟ್ರಾಕ್ಟರ್. ಬೀಗದಕೈ ದೊಡ್ಡವನ ಹತ್ರ. ತಮ್ಮಂದಿರ ಗದ್ದೆ ಉಳೋಕೆ ಬಿಟ್ಟಿ ಕೊಡ್ತಾ ಹೋದರೆ ಟೈರು ಸವೆದು ಗಾಡಿ ಒಂದಿನ ನಿಂತುಬಿಡುತ್ತೆ, ರಿಪೇರಿಗೆ ಮೂವರ ಹತ್ರಾನೂ ಕಾಸಿರಲ್ಲ. ಹೊರಗಿನವರಿಗೆ ಹೇಳೋ ಬಾಡಿಗೇನೇ ತಮ್ಮಂದಿರಿಗೂ ಹೇಳಿದರೆ ಮನೆ ಒಡೆಯುತ್ತೆ. ಅದಕ್ಕೇ ತಿಳಿದವರ ಮನೇಲಿ ಅಪ್ಪನೋ ಅವ್ವನೋ ಕೂತು ಡೀಸೆಲ್ ಎಷ್ಟು, ಡ್ರೈವರ್ ಕೂಲಿ ಎಷ್ಟು, ಸವಕಳಿಗೆ ಎಷ್ಟು ಅಂತ ಕೂಡಿಸಿ ಗಂಟೆಗಿಷ್ಟು ಅಂತ ಹೇಳ್ತಾರೆ. ಅದರಲ್ಲಿ ಅಸಲಿದೆ, ಲಾಭ ಇಲ್ಲ. ಮುಖ್ಯವಾದ ಮಾತು ಏನಂದ್ರೆ, ದರ ಹೇಳಿದವರ ಕೈಲಿ ಬೀಗದಕೈ ಇಲ್ಲ. ವಿಶ್ವವಿದ್ಯಾಲಯಕ್ಕೆ ಬೇಕಾಗಿರೋದೂ ಇಷ್ಟೇ.

ಕಾಯ್ದೆಯಲ್ಲಿ ವ್ಯವಸ್ಥೆ ಇಲ್ಲ ಅಂತಲ್ಲ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಲ್ಲಿ ಸಿಂಡಿಕೇಟ್ ಇದೆ, ಹಣಕಾಸು ಸಮಿತಿ ಇದೆ, ಹಣಕಾಸು ಅಧಿಕಾರಿಯ ಹುದ್ದೆ ಇದೆ, ಲೆಕ್ಕಪರಿಶೋಧನೆ ಇದೆ. ಆದರೆ ಈ ಮೇಜುಗಳ ಮೇಲೆ ದೊಡ್ಡದಾಗಿ ಕಾಣೋದು ಹೊರಗಿನಿಂದ ಬರುವ ದುಡ್ಡು: ಸರ್ಕಾರದ ಅನುದಾನ, ವಿದ್ಯಾರ್ಥಿಗಳ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ. ಒಳಗಿನ ದರ ಅಂದರೆ ಸಾಮಾನ್ಯವಾಗಿ ಒಂದು ಪುಟದ ಸುತ್ತೋಲೆ. ಹಳೇ ದರ ಇಷ್ಟಿತ್ತು, ಇನ್ಮೇಲೆ ಇಷ್ಟು. ಈ ಅಂಕಿ ಎಲ್ಲಿಂದ ಬಂತು ಅನ್ನೋ ಲೆಕ್ಕದ ಹಾಳೆ ಕಡತದಲ್ಲಿ ಇದ್ದರೆ ಅದೇ ಪುಣ್ಯ. ಪರಿಶೋಧನೆಗೆ ಬಂದವರು ರಶೀದಿ ಇದೆಯಾ, ಸಹಿ ಇದೆಯಾ, ಮೊತ್ತ ತಾಳೆ ಆಗುತ್ತಾ ಅಂತ ನೋಡ್ತಾರೆ. ದರವೇ ಸರಿ ಇತ್ತಾ ಅಂತ ಕೇಳೋದು ಅಪರೂಪ. ತಪ್ಪು ದರಕ್ಕೂ ಸರಿಯಾದ ರಶೀದಿ ಇರಬಹುದಲ್ಲ!

ಕಬ್ಬು ಬೆಳೆಯೋ ಊರಿನವರಿಗೆ ಇದನ್ನು ವಿವರಿಸೋ ಅಗತ್ಯವೇ ಇಲ್ಲ. ಮೈಷುಗರ್ ಕಂಪನಿ ಹುಟ್ಟಿದ್ದು 1933ರಲ್ಲಿ. ಅಂದಿನಿಂದ ಮಂಡ್ಯದ ರೈತ ಕಾರ್ಖಾನೆ ಜೊತೆ ಎಷ್ಟೇ ಹೊಂದಿಕೊಂಡು ಬಾಳಿದರೂ, ಕಬ್ಬಿನ ದರವನ್ನು ಕಾರ್ಖಾನೆಯವರೇ ಕೂತು ಬರೆದುಕೊಳ್ಳಲಿ ಅಂತ ಇವತ್ತಿಗೂ ಒಪ್ಪಲ್ಲ. ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು ಕೇಂದ್ರ ಸರ್ಕಾರ ಘೋಷಿಸುತ್ತೆ. ಅದು ಸಾಲದು ಅಂತ ರೈತರು ರಸ್ತೆಗಿಳೀತಾರೆ, ಆ ಮಾತು ಬೇರೆ. ಆದರೆ ಕೊಳ್ಳುವವನೇ ಬೆಲೆ ಬರೆಯಬಾರದು ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತಿರೋ ನ್ಯಾಯ. ಗದ್ದೆಯಲ್ಲಿ ಸಲ್ಲುವ ಈ ನ್ಯಾಯ ವಿಶ್ವವಿದ್ಯಾಲಯದ ಗೇಟು ದಾಟಿ ಯಾಕೆ ಒಳಗೆ ಬರಲ್ಲ?

ಈಗ ಮೊದಲು ಹೇಳಿದ ಎಡಗೈ ಬಲಗೈ ಮಾತಿಗೆ ಬರೋಣ. ಒಂದು ಲೆಕ್ಕ ಕಟ್ಟೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಮುದ್ರಣಾಲಯಕ್ಕೆ ಒಂದು ಉತ್ತರ ಪತ್ರಿಕೆಗೆ ಬೀಳುವ ಅಸಲು 6 ರೂಪಾಯಿ. ಅದು ಪರೀಕ್ಷಾ ವಿಭಾಗಕ್ಕೆ 9 ರೂಪಾಯಿ ಬಿಲ್ ಹಾಕ್ತು ಅನ್ನಿ. ಇಡೀ ಸಂಸ್ಥೆಯ ಲೆಕ್ಕ ಕೂಡಿಸಿದಾಗ ಮುದ್ರಣಾಲಯದ ಜಮಾ, ಪರೀಕ್ಷಾ ವಿಭಾಗದ ಖರ್ಚು ಒಂದಕ್ಕೊಂದು ವಜಾ ಆಗುತ್ತೆ, ಸರಿ. ಆದರೆ ಮುಂದಿನ ವರ್ಷ ಪರೀಕ್ಷಾ ಶುಲ್ಕ ಪರಿಷ್ಕರಣೆಯ ಕಡತ ಮೇಲೆದ್ದಾಗ, ಅದರಲ್ಲಿ ಉತ್ತರ ಪತ್ರಿಕೆಯ ವೆಚ್ಚ ಅಂತ ಕಾಣೋದು 9 ರೂಪಾಯಿ. ವೆಚ್ಚ ಏರಿದೆ, ಶುಲ್ಕ ಏರಿಸಬೇಕು ಅನ್ನೋ ವಾದಕ್ಕೆ ಆಧಾರ ಸಿಕ್ಕಿಬಿಡ್ತು. ಆ ಶುಲ್ಕ ಕಟ್ಟೋ ಹುಡುಗ ಹುಡುಗಿಯರು ಹೊರಗಿನವರು, ಅವರು ಕಟ್ಟೋದು ನಿಜವಾದ ನೋಟು. ಎಡಗೈಗೂ ಬಲಗೈಗೂ ನಡುವೆ ಅವರ ಜೇಬಿದೆ ಅನ್ನೋದನ್ನು ಯಾರೂ ಹೇಳಲ್ಲ.

ಎರಡನೇ ತೊಂದರೆ, ಒಂದೇ ಖರ್ಚಿಗೆ ಎರಡು ಸಲ ವಸೂಲಿ. ಪ್ರಯೋಗಾಲಯದ ಸಹಾಯಕರ ಸಂಬಳ ಸರ್ಕಾರದ ಅನುದಾನದಿಂದ ಬರುತ್ತೆ ಅನ್ನಿ. ವಿದ್ಯಾರ್ಥಿ ಪ್ರಯೋಗಾಲಯ ಶುಲ್ಕ ಅಂತ ಬೇರೆ ಕಟ್ಟಿರ್ತಾನೆ. ಹೀಗಿದ್ದೂ ಪಕ್ಕದ ವಿಭಾಗದ ಸಂಶೋಧನಾ ಯೋಜನೆಗೆ ಬಿಲ್ ಹಾಕುವಾಗ ಅದೇ ಸಹಾಯಕರ ಸಂಬಳವನ್ನು ದರದೊಳಗೆ ಮತ್ತೆ ಸೇರಿಸಿದರೆ ಏನರ್ಥ? ಇದು ಎಲ್ಲ ಸಲವೂ ದುರಾಸೆಯಿಂದಲೇ ಆಗಬೇಕು ಅಂತಿಲ್ಲ. ಯಾವ ಖರ್ಚು ಯಾವ ಗಂಟಿನಿಂದ ಹೋಯ್ತು ಅಂತ ಒಂದೇ ಹಾಳೆಯಲ್ಲಿ ಬರೆದಿಡದಿದ್ದರೆ ತಾನಾಗೇ ಆಗಿಹೋಗುತ್ತೆ.

ಮೂರನೇದು ಇನ್ನೂ ವಿಚಿತ್ರ. ಒಂದು ಯಂತ್ರಕ್ಕೆ ವರ್ಷಕ್ಕೆ 6 ಲಕ್ಷ ರೂಪಾಯಿ ನಿರ್ವಹಣೆ ಖರ್ಚು, ಇದೂ ಉದಾಹರಣೆಯೇ. ವರ್ಷಕ್ಕೆ 600 ಗಂಟೆ ಓಡಿದರೆ ಗಂಟೆಗೆ 1,000 ರೂಪಾಯಿ. ದರ ಜಾಸ್ತಿ ಆಯ್ತು ಅಂತ ಅರ್ಧ ಜನ ಬರೋದು ನಿಲ್ಲಿಸಿದರು. ಈಗ 300 ಗಂಟೆ ಮಾತ್ರ ಓಡುತ್ತೆ, ಅಸಲು ಗಿಟ್ಟಬೇಕಾದರೆ ಗಂಟೆಗೆ 2,000. ಆಗ ಉಳಿದವರೂ ಹೋಗ್ತಾರೆ. ಕೊನೆಗೆ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆ ಮೇಲೆ ಧೂಳು. ಇದನ್ನು ತಪ್ಪಿಸಬೇಕಾದರೆ ದರ ಒಪ್ಪುವವರು ಖರ್ಚಿನ ಜೊತೆಗೆ ಎಷ್ಟು ಗಂಟೆ ಓಡಿತು ಅನ್ನೋದನ್ನೂ ಕೇಳಬೇಕು. ಖಾಲಿ ಬಿದ್ದ ಗಂಟೆಗಳ ಭಾರವನ್ನು ಬಳಸಿದವರ ತಲೆಗೆ ಕಟ್ಟದೆ ಸಂಸ್ಥೆಯೇ ಹೊರಬೇಕು.

ಹೊರದೇಶದಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರದ ಸಂಶೋಧನಾ ಹಣ ಬರುತ್ತೆ. ಅದಕ್ಕೆ ಅಂಟಿಕೊಂಡ ನಿಯಮ ಹೀಗಿದೆ: ಒಳಗಿನ ಸೇವೆಗೆ ದರಪಟ್ಟಿ ಇರಬೇಕು, ನಿಜವಾಗಿ ಬಳಸಿದಷ್ಟಕ್ಕೇ ಬಿಲ್ ಹಾಕಬೇಕು, ಸರ್ಕಾರಿ ಹಣದ ಯೋಜನೆಗೆ ಹೆಚ್ಚು, ತಮ್ಮವರಿಗೆ ಕಡಿಮೆ ಅನ್ನೋ ಭೇದ ಕೂಡದು, ಒಟ್ಟು ವಸೂಲಿ ಒಟ್ಟು ವೆಚ್ಚವನ್ನು ಮೀರುವಂತೆ ದರ ಇಡಬಾರದು, ಕನಿಷ್ಠ ಎರಡು ವರ್ಷಕ್ಕೊಮ್ಮೆ ದರ ಸರಿಪಡಿಸಬೇಕು. ನಿಯಮ ಇದ್ದ ಮಾತ್ರಕ್ಕೆ ಎಲ್ಲ ಸಾಚಾ ಅಂತಲ್ಲ. 1990ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸಂಶೋಧನೆಯ ಪರೋಕ್ಷ ವೆಚ್ಚದ ಗಂಟಿಗೆ ಒಂದು ವಿಹಾರ ನೌಕೆಯ ಸವಕಳಿಯನ್ನೂ ಸೇರಿಸಿದ್ದು ಬಯಲಾಗಿ, 1991ರಲ್ಲಿ ಅದರ ಅಧ್ಯಕ್ಷರು ರಾಜೀನಾಮೆ ಘೋಷಿಸಬೇಕಾಯ್ತು. ಅದು ಒಳಗಿನ ಬಿಲ್ಲಿನ ವಿಷಯ ಅಲ್ಲ ನಿಜ, ಆದರೆ ರೋಗ ಅದೇ. ಗಂಟಿನೊಳಗೆ ಏನಿದೆ ಅಂತ ಬಿಚ್ಚಿ ಕೇಳುವವರು ಇಲ್ಲದಿದ್ದರೆ ದೋಣಿಯೂ ಪ್ರಯೋಗಾಲಯದ ಖರ್ಚಾಗಿಬಿಡುತ್ತೆ.

ನಮ್ಮಲ್ಲೂ ಮಾದರಿ ಇಲ್ಲದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಐ-ಸ್ಟೆಮ್ ಜಾಲತಾಣಕ್ಕೆ ಚಾಲನೆ ಸಿಕ್ತು. ಸಾರ್ವಜನಿಕ ಹಣದಲ್ಲಿ ಕೊಂಡ ಸಂಶೋಧನಾ ಯಂತ್ರ ಎಲ್ಲಿದೆ, ಅದನ್ನು ಬಳಸೋದು ಹೇಗೆ ಅಂತ ಹೊರಗಿನವರೂ ನೋಡಿ ಸಮಯ ಕಾದಿರಿಸಬಹುದಾದ ವ್ಯವಸ್ಥೆ ಅದು. ಯಂತ್ರಕ್ಕೆ ಮಾಡಿದ್ದನ್ನು ಮುದ್ರಣಾಲಯಕ್ಕೆ, ವಾಹನಕ್ಕೆ, ಸಭಾಂಗಣಕ್ಕೆ ಮಾಡೋಕೆ ಆಗಲ್ಲ ಅನ್ನೋಕೆ ಕಾರಣ ಇಲ್ಲ.

ಇಷ್ಟೆಲ್ಲ ಮಂಡ್ಯದಲ್ಲಿ ಕೂತು ಈಗಲೇ ಯಾಕೆ ಹೇಳಬೇಕು? ಕಾರಣ ಇದೆ. ಇಲ್ಲಿನ ಹಳೇ ಸರ್ಕಾರಿ ಕಾಲೇಜನ್ನೇ ಮೇಲ್ದರ್ಜೆಗೆ ಏರಿಸಿ 2019ರಲ್ಲಿ ಮಂಡ್ಯ ವಿಶ್ವವಿದ್ಯಾಲಯ ಆಯ್ತು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದ ಜಿಲ್ಲೆಯ ಕಾಲೇಜುಗಳು ಇದರ ವ್ಯಾಪ್ತಿಗೆ ಬಂದವು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಆರ್ಥಿಕವಾಗಿ ನಡೆಸೋದು ಕಷ್ಟ ಅಂತ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಕಡೆ ಒಲವು ತೋರಿದಾಗ ಆ ಪಟ್ಟಿಯಲ್ಲಿ ಮಂಡ್ಯದ ಹೆಸರೂ ಇತ್ತು. ಸ್ವಂತ ಆದಾಯ ತೋರಿಸು, ಇಲ್ಲಾ ಬಾಗಿಲು ಹಾಕು ಅನ್ನೋ ಈ ಒತ್ತಡದಲ್ಲಿ ಯಾವುದೇ ಸಣ್ಣ ವಿಶ್ವವಿದ್ಯಾಲಯಕ್ಕೆ ಹುಟ್ಟುವ ಮೊದಲ ಆಸೆ, ಒಳಗಿನ ಜಮಾವನ್ನೇ ಆದಾಯ ಅಂತ ತೋರಿಸೋದು. ಅದು ಆದಾಯ ಅಲ್ಲ. ಅಡುಗೆಮನೆ ಡಬ್ಬಿಯ ಕಾಸನ್ನು ದೇವರಮನೆ ಹುಂಡಿಗೆ ಹಾಕಿ ಸಂಪಾದನೆ ಆಯ್ತು ಅಂದಂಗೆ.

ತದ್ವಿರುದ್ಧವಾದ ದಾರಿಯೇ ಇಂಥ ವಿಶ್ವವಿದ್ಯಾಲಯವನ್ನು ಉಳಿಸೋ ದಾರಿ. ಒಂದು ಪರೀಕ್ಷೆ ನಡೆಸೋಕೆ ನಿಜವಾಗಿ ಎಷ್ಟು ಬೀಳುತ್ತೆ, ಒಂದು ಪ್ರಯೋಗಾಲಯ ತೆರೆದಿಡೋಕೆ ಎಷ್ಟು ಬೇಕು ಅಂತ ಖಚಿತ ಲೆಕ್ಕ ಕೈಲಿದ್ದರೆ ವಿಧಾನಸೌಧದ ಮುಂದೆ ಕೂತು ವಾದ ಮಾಡಬಹುದು: ನೋಡಿ ಸ್ವಾಮಿ, ಇಷ್ಟು ನಾವೇ ದುಡೀತೀವಿ, ಇಷ್ಟು ನೀವು ಕೊಡಬೇಕು. ಅಸಲೇ ಗೊತ್ತಿಲ್ಲದ ಮನೆಯವನು ಸಾಲದವನ ಮುಂದೆ ಏನು ಮಾತಾಡ್ತಾನೆ?

ಮದ್ದೂರು, ಮಳವಳ್ಳಿಯವರಿಗೆ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಕಷ್ಟ ಚೆನ್ನಾಗಿ ಗೊತ್ತು. ಮೇಲ್ಭಾಗದಲ್ಲಿ ನೀರು ತುಂಬಿ ಹರಿದರೂ ಕೊನೇ ಗದ್ದೆಗೆ ಬರೋದು ಅನುಮಾನ. ವಿಶ್ವವಿದ್ಯಾಲಯದ ಸವಲತ್ತೂ ಹಂಗೇ. ಗ್ರಂಥಾಲಯ, ಯಂತ್ರ, ಸಭಾಂಗಣ ಎಲ್ಲ ಕೇಂದ್ರ ಸ್ಥಾನದಲ್ಲಿರುತ್ತೆ. ಆದರೆ ಶುಲ್ಕಕ್ಕೆ ಮಾತ್ರ ಕೊನೆಭಾಗ ಅನ್ನೋದೇ ಇಲ್ಲ, ಎಲ್ಲ ಕಾಲೇಜಿಗೂ ಸಮನಾಗಿ ತಲುಪುತ್ತೆ. ಆದ್ದರಿಂದ ಒಳಗಿನ ದರ ಕೇಳುವ ಹಕ್ಕು ಮಳವಳ್ಳಿಯ ಕಾಲೇಜಿಗೂ ಇದೆ.

ಕೇಳಬೇಕಾದ್ದು ದೊಡ್ಡದೇನಲ್ಲ. ಪ್ರತಿ ಒಳಸೇವೆಗೂ ಅಸಲಿನ ಹಾಳೆ ಇರಲಿ. ದುಡ್ಡು ಪಡೆಯುವ ಘಟಕದವರು ದರ ಪ್ರಸ್ತಾಪ ಮಾಡಲಿ, ಆದರೆ ಒಪ್ಪುವ ಮೇಜಿನಲ್ಲಿ ಅವರು ಇರಬಾರದು. ಅಲ್ಲಿ ಬಳಸುವ ವಿಭಾಗದವರೊಬ್ಬರು, ಸಂಯೋಜಿತ ಕಾಲೇಜಿನವರೊಬ್ಬರು ಕೂರಲಿ. ಹೊರಗಿನ ಕಂಪನಿಗೆ ಜಾಸ್ತಿ ದರ ಹಾಕಿ, ಬೇಡ ಅಂದವರ್ಯಾರು? ಒಳಗಿನವರಿಗೆ ಅಸಲು ಮೀರಬೇಡಿ. ವರ್ಷದ ಕೊನೇಲಿ ಮಿಕ್ಕಿದರೆ ಮುಂದಿನ ದರ ಇಳಿಸಿ, ಸಾಲದಿದ್ದರೆ ಯಾಕೆ ಸಾಲಲಿಲ್ಲ ಅಂತ ಬರೆದು ಏರಿಸಿ. ಯಂತ್ರ ಬದಲಾಯಿಸೋ ಗಂಟನ್ನು ಬೇರೆಯೇ ಇಡಿ, ಸಂಬಳಕ್ಕೆ ಅಂತ ಅದನ್ನು ಮುಟ್ಟಬೇಡಿ. ಎರಡು ವರ್ಷಕ್ಕೊಂದು ಸಲ ಹಣಕಾಸು ಸಮಿತಿ ಈ ಹಾಳೆಗಳನ್ನು ಒಂದೊಂದಾಗಿ ಓದಲಿ. ಆಮೇಲೆ ದರಪಟ್ಟಿಯನ್ನು, ಅದರ ಲೆಕ್ಕದ ಸಮೇತ, ಕನ್ನಡದಲ್ಲಿ ಅಚ್ಚು ಮಾಡಿಸಿ ಎಲ್ಲ ಕಾಲೇಜಿನ ಸೂಚನಾ ಫಲಕಕ್ಕೆ ಹಾಕಲಿ. ಅದನ್ನು ಅಚ್ಚು ಹಾಕಿದ್ದಕ್ಕೆ ಮುದ್ರಣಾಲಯ ಎಷ್ಟು ಬಿಲ್ ಮಾಡಿತು ಅನ್ನೋದೂ ಅದರ ಕೆಳಗೇ ಇರಲಿ.