ಆರು ಸೆಕೆಂಡಿನ ಋಣ

1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡ ಒಂದು ಗ್ರಾಮಫೋನ್ ತಟ್ಟೆಯನ್ನು ಹೊರತಂದಿತು. ಮುಂಬದಿಯಲ್ಲಿದ್ದ ‘ಕಲರ್ ಹಿಮ್ ಫಾದರ್’ ಹಾಡು ಮನೆಮಾತಾಯಿತು, ಗ್ರ್ಯಾಮಿ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಹಿಂಬದಿಯನ್ನು ತುಂಬಲು ನುಡಿಸಿದ್ದು ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತ. ಅದರ ನಡುವೆ ಬೇರೆಲ್ಲ ವಾದ್ಯಗಳು ಸುಮ್ಮನಾಗಿ, ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ಬಾರಿಸುವ ಆರು ಸೆಕೆಂಡುಗಳಷ್ಟು ಜಾಗವಿದೆ. ಅಂದು ಅದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ.

ಎಂಬತ್ತರ ದಶಕದಲ್ಲಿ ಸ್ಯಾಂಪ್ಲರ್ ಯಂತ್ರ ಸಂಗೀತಗಾರರ ಕೈಗೆ ಸಿಕ್ಕಿತು. ಹಳೆಯ ತಟ್ಟೆಯ ತುಣುಕನ್ನು ಕತ್ತರಿಸಿ, ಮತ್ತೆ ಮತ್ತೆ ಸುತ್ತಿಸಿ, ಅದರ ಮೇಲೆ ಹೊಸ ಹಾಡು ಕಟ್ಟುವುದು ಸಾಧ್ಯವಾಯಿತು. 1988ರಲ್ಲಿ ಎನ್‌ಡಬ್ಲ್ಯೂಎ ತಂಡದ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ ಕೋಲ್ಮನ್ನರ ಈ ತುಣುಕಿನ ಮೇಲೆಯೇ ನಿಂತಿತು. ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಜಂಗಲ್, ಡ್ರಮ್ ಆ್ಯಂಡ್ ಬೇಸ್ ಎಂಬ ಪ್ರಕಾರಗಳಿಗೆ ಇದೇ ತಳಹದಿಯಾಯಿತು. ಇಂದು ಸಾವಿರಾರು ಧ್ವನಿಮುದ್ರಣಗಳಲ್ಲಿ ಆ ಪೆಟ್ಟುಗಳು ಕೇಳಿಸುತ್ತವೆ. ಕೋಲ್ಮನ್ನರಿಗೆ ಇದರಿಂದ ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಅವರು ಬಡತನದಲ್ಲಿ, ಸೂರಿಲ್ಲದೆ ತೀರಿಕೊಂಡರು. ಹಕ್ಕು ಹೊಂದಿದ್ದ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ರಿಗೆ ವಿಷಯ ತಿಳಿದದ್ದೇ 1996ರಲ್ಲಿ. 2015ರಲ್ಲಿ ಬ್ರಿಟನ್ನಿನ ಇಬ್ಬರು ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟರು. ನ್ಯಾಯವಾಗಿ ಬರಬೇಕಿದ್ದದ್ದು ಕೊನೆಗೆ ದಾನವಾಗಿ ಬಂತು.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಂಗೀತ ಯಾರ ಅಪ್ಪನ ಆಸ್ತಿ? ಒಬ್ಬರಿಂದ ಕೇಳಿ ಇನ್ನೊಬ್ಬರು ಕಲಿತದ್ದರಿಂದಲೇ ಅದು ಬೆಳೆದಿದೆ. ಎಲ್ಲದಕ್ಕೂ ಅನುಮತಿ ಕೇಳುತ್ತ ಕೂತಿದ್ದರೆ ಜಂಗಲ್ ಸಂಗೀತ ಹುಟ್ಟುತ್ತಲೇ ಇರಲಿಲ್ಲ. ಈ ಮಾತು ನಿಜ. ಆದರೆ ಕಲಿಯುವುದಕ್ಕೂ ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಆದಿತಾಳ ಯಾರ ಸ್ವತ್ತೂ ಅಲ್ಲ, ಆದರೆ ಒಬ್ಬ ಮೃದಂಗ ವಿದ್ವಾಂಸ ಸ್ವಂತ ಖರ್ಚಿನಲ್ಲಿ ನುಡಿಸಿ ಮುದ್ರಿಸಿದ ಆದಿತಾಳದ ಆ ಹತ್ತು ನಿಮಿಷ ಅವರ ದುಡಿಮೆ. ಹೊಸ ಸೃಷ್ಟಿಗೆ ಅದನ್ನು ಬಳಸಿದ್ದೇ ತಪ್ಪೆಂದು ಯಾರೂ ಹೇಳುವುದಿಲ್ಲ. ನುಡಿಸಿದವನ ಹೆಸರನ್ನೂ ಪಾಲನ್ನೂ ಅಳಿಸಿ ಬಳಸಿದ್ದು ತಪ್ಪು.

ನಮ್ಮವರೂ ಈ ಅನ್ಯಾಯ ಉಂಡಿದ್ದಾರೆ. 1981ರ ‘ಜ್ಯೋತಿ’ ಚಿತ್ರಕ್ಕಾಗಿ ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ಭಾಗ 2002ರಲ್ಲಿ ಅಮೆರಿಕದ ‘ಅಡಿಕ್ಟಿವ್’ ಎಂಬ ಹಾಡಿನೊಳಗೆ ಹೇಳದೆ ಕೇಳದೆ ಸೇರಿಕೊಂಡಿತು. ಲಾಹಿರಿಯವರ ಹೆಸರು ಹಾಕದೆ ಆ ಆಲ್ಬಮ್ ಮಾರಕೂಡದೆಂದು 2003ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯ ಆದೇಶಿಸಿತು. ನಾವು ಸಂತೋಷಪಟ್ಟೆವು. ಆದರೆ ನಮ್ಮ ಚಿತ್ರಸಂಗೀತ ಪರದೇಶದ ಧಾಟಿಗಳನ್ನು ಸದ್ದಿಲ್ಲದೆ ಎತ್ತಿಕೊಂಡಾಗ ನಮಗೆ ಅದು ‘ಸ್ಫೂರ್ತಿ’ಯಾಗಿ ಕಂಡದ್ದನ್ನೂ ನೆನಪಿಟ್ಟುಕೊಳ್ಳಬೇಕು.

ಹಾಗೆ ನೋಡಿದರೆ ಕಾನೂನಿಗೆ ನಮ್ಮಲ್ಲಿ ಕೊರತೆಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿ ಮತ್ತು ಧ್ವನಿಮುದ್ರಣ ಎರಡು ಬೇರೆ ಬೇರೆ ಹಕ್ಕುಗಳು. ತನ್ನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ತಾನೇ ಬೀಟ್ ಕಟ್ಟುವ ಹುಡುಗನಿಗೆ ಎರಡೂ ಸೇರಿದ್ದು. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಹಕ್ಕಿನ ವರ್ಗಾವಣೆ ಬರಹದಲ್ಲಿರಲೇಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ವಾದ್ಯ ನುಡಿಸುವವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕು ಕೊಟ್ಟಿದೆ.

ಆದರೆ ಕಾನೂನು ಯಾರ ಕೈಗೆ ಎಟುಕುತ್ತದೆ ಎಂಬುದೇ ಪ್ರಶ್ನೆ. 2022ರ ನವೆಂಬರಿನಲ್ಲಿ ‘ಕೆಜಿಎಫ್ 2’ ಚಿತ್ರದ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಎಂಆರ್‌ಟಿ ಮ್ಯೂಸಿಕ್ ಕಂಪೆನಿ ದೂರಿದಾಗ, ಕಾಂಗ್ರೆಸ್ ಪಕ್ಷದ ಮತ್ತು ಭಾರತ್ ಜೋಡೋ ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಯುವಂತೆ ಬೆಂಗಳೂರಿನ ನ್ಯಾಯಾಲಯ ಆದೇಶಿಸಿತು. ವಿವಾದಿತ ವಿಡಿಯೊಗಳನ್ನು ತೆಗೆಯುವ ಷರತ್ತಿನ ಮೇಲೆ ಹೈಕೋರ್ಟು ಮರುದಿನವೇ ಅದನ್ನು ರದ್ದುಪಡಿಸಿತು. ಆದೇಶದ ಸರಿತಪ್ಪು ಬೇರೆ ಮಾತು. ಹಣವೂ ವಕೀಲರೂ ಇರುವ ಕಂಪೆನಿಗೆ ಕೋರ್ಟಿನ ಬಾಗಿಲು ಇಷ್ಟು ಬೇಗ ತೆರೆಯುತ್ತದೆ. ಸಣ್ಣ ಊರಿನ ಬೀಟ್ ತಯಾರಕನಿಗೆ ವಕೀಲರ ಮೊದಲ ಶುಲ್ಕವೇ ಅವನ ವರ್ಷದ ಗಳಿಕೆಯಾಗಿರಬಹುದು.

ಯಂತ್ರವೂ ಅವನ ಪರವಾಗಿಲ್ಲ. ಯೂಟ್ಯೂಬಿನ ‘ಕಂಟೆಂಟ್ ಐಡಿ’ ದೊಡ್ಡ ಭಂಡಾರವುಳ್ಳವರಿಗೆ ಮಾತ್ರ ನೇರವಾಗಿ ಸಿಗುತ್ತದೆ. ಒಂದೇ ಬೀಟನ್ನು ಹತ್ತು ಗಾಯಕರಿಗೆ ಬಾಡಿಗೆಗೆ ಕೊಡುವುದು ಈ ವೃತ್ತಿಯ ಕ್ರಮ. ಅವರಲ್ಲೊಬ್ಬ ತನ್ನ ಹಾಡನ್ನು ವಿತರಕರ ಮೂಲಕ ಅಲ್ಲಿ ಸೇರಿಸಿಬಿಟ್ಟರೆ, ಉಳಿದ ಒಂಬತ್ತು ಜನರ ಮೇಲೂ, ಬೀಟ್ ಕಟ್ಟಿದವನ ಮೇಲೂ ಯಂತ್ರ ಕಳ್ಳತನದ ಆರೋಪ ಹೊರಿಸುತ್ತದೆ. ಮನೆಯವನೇ ಮನೆಯ ಹೊರಗೆ ನಿಂತು ಗುರುತು ಸಾಬೀತುಪಡಿಸಬೇಕಾದ ಸ್ಥಿತಿ ಇದು.

ಬೇರೆ ದಾರಿ ಇಲ್ಲವೆಂದಲ್ಲ. ಲಿಲ್ ನ್ಯಾಸ್ ಎಕ್ಸ್ 2018ರಲ್ಲಿ ಮೂವತ್ತು ಡಾಲರಿಗೆ ಒಂದು ಬೀಟ್ ಕೊಂಡರು. ಅದನ್ನು ಕಟ್ಟಿದವರು ಯಂಗ್‌ಕಿಯೊ ಎಂಬ ಡಚ್ ತರುಣ, ಅದರೊಳಗಿದ್ದದ್ದು ನೈನ್ ಇಂಚ್ ನೇಲ್ಸ್ ತಂಡದ 2008ರ ಒಂದು ವಾದ್ಯತುಣುಕು. ಹೀಗೆ ಹುಟ್ಟಿದ ‘ಓಲ್ಡ್ ಟೌನ್ ರೋಡ್’ 2019ರಲ್ಲಿ 19 ವಾರ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿತ್ತು. ಯಂಗ್‌ಕಿಯೊ ಹೆಸರೂ, ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಹೆಸರೂ ಹಾಡಿನ ಕರ್ತೃಗಳ ಸಾಲಿಗೆ ಬಂದವು. ಬಳಸಿಯೂ ಋಣ ತೀರಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಹುಡುಗರು ಮಾಡಬಹುದಾದದ್ದು ಕೆಲವು ಸಣ್ಣ ಕೆಲಸಗಳು. ಮೂಲ ಕಡತಗಳನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳಬೇಕು. ಪರಿಚಯ, ಸ್ನೇಹ ಎಷ್ಟೇ ಇದ್ದರೂ ಒಂದು ಪುಟದ ಕರಾರು ಬರೆದುಕೊಳ್ಳಬೇಕು. ಎಷ್ಟು ಕಾಲ, ಎಲ್ಲೆಲ್ಲಿ, ಹೆಸರು ಹೇಗೆ, ಪಾಲು ಎಷ್ಟು, ಕಂಟೆಂಟ್ ಐಡಿಗೆ ಸೇರಿಸಬಹುದೇ ಎಂಬುದೆಲ್ಲ ಅದರಲ್ಲಿರಬೇಕು. 1969ರಿಂದ ಇರುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗುವುದೂ ಒಳ್ಳೆಯದು.

ಉಳಿದದ್ದು ನಮ್ಮ, ಕೇಳುವವರ ಜವಾಬ್ದಾರಿ. ಹಾಡಿದವರ ಹೆಸರು ಗೊತ್ತಿದ್ದರೆ ಸಾಕೆಂದುಕೊಂಡಿದ್ದೇವೆ. ಅದರ ಹಿಂದೆ ನುಡಿಸಿದವರು ಯಾರೆಂದು ಕೇಳುವ ಅಭ್ಯಾಸವೇ ನಮಗಿಲ್ಲ. ಕೋಲ್ಮನ್ನರ ಪೆಟ್ಟಿಗೆ ಕುಣಿದ ಲಕ್ಷಾಂತರ ಜನ ಆ ಪ್ರಶ್ನೆಯನ್ನು ಸಮಯಕ್ಕೆ ಸರಿಯಾಗಿ ಕೇಳಿದ್ದರೆ, ಚಂದಾ ಎತ್ತುವ ಪ್ರಮೇಯ ಬರುತ್ತಿರಲಿಲ್ಲ.